ಜೀವದ ಉಗಮ: ವಿಜ್ಞಾನ ಮತ್ತು ವಿಶ್ವಾಸ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಭೂಪರಲೋಕಗಳನ್ನು ಸೃಷ್ಟಿಸಿದ ಸರ್ವಶಕ್ತ ಪಿತನಲ್ಲಿ ನಮಗಿರುವ ವಿಶ್ವಾಸವನ್ನು ನಾವು ಪ್ರತಿ ಭಾನುವಾರವೂ ಈ ದೇವಾಲಯದಲ್ಲಿ ಎದ್ದು ನಿಂತು ಘೋಷಿಸುತ್ತೇವೆ. ನೂರು ವರ್ಷಗಳ ಹಿಂದೆ ಈ ಧರ್ಮಕೇಂದ್ರವನ್ನು ಕಟ್ಟಿದ ನಮ್ಮ ಹಿರಿಯರೂ ಇದನ್ನೇ ಘೋಷಿಸಿದರು. ಅಂದು ಪೂಜೆ ಲತೀನ್ ಭಾಷೆಯಲ್ಲಿತ್ತು, ಇಂದು ಕನ್ನಡದಲ್ಲಿದೆ. ಅಂದು ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟು. ಇಂದು ನಮ್ಮ ಮನೆಗಳಲ್ಲಿ ವೈದ್ಯರಿದ್ದಾರೆ, ಇಂಜಿನಿಯರುಗಳಿದ್ದಾರೆ, ಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಹೆಣ್ಣುಮಕ್ಕಳಿದ್ದಾರೆ. ಇದು ದೇವರ ಕೃಪೆ, ಹಿರಿಯರ ಬೆವರಿನ ಫಲ. ವಿದ್ಯೆಯ ಜೊತೆಗೆ ಒಂದು ಪ್ರಶ್ನೆಯೂ ನಮ್ಮ ಮನೆಗಳೊಳಗೆ ಬಂದಿದೆ. ಇಂದು ಅದನ್ನೇ ಕುರಿತು ಮಾತನಾಡಬೇಕೆಂದು ನಾವು ನಿಶ್ಚಯಿಸಿದೆವು.

ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದನೆಂದು ಧರ್ಮೋಪದೇಶದ ತರಗತಿಯಲ್ಲಿ ಕೇಳಿದ ಮಗು, ಜೀವಿಗಳು ಕೋಟ್ಯಂತರ ವರ್ಷಗಳಲ್ಲಿ ಒಂದರಿಂದೊಂದು ವಿಕಾಸ ಹೊಂದಿದವೆಂದು ಕಾಲೇಜಿನಲ್ಲಿ ಓದುತ್ತದೆ. ಎರಡರಲ್ಲಿ ಯಾವುದು ನಿಜವೆಂದು ಮನೆಯಲ್ಲಿ ಕೇಳಿದರೆ ‘ಅಧಿಕಪ್ರಸಂಗ ಬೇಡ’ ಎಂಬ ಉತ್ತರ ಸಿಗುತ್ತದೆ. ಮಗು ಮತ್ತೆ ಕೇಳುವುದಿಲ್ಲ. ಕೆಲವು ವರ್ಷಗಳ ತರುವಾಯ ಪೂಜೆಗೂ ಬರುವುದಿಲ್ಲ. ‘ಸ್ವಾಮಿ, ಓದು ಹೆಚ್ಚಾಗಿ ಮಗ ಕೆಟ್ಟ’ ಎಂದು ತಾಯಂದಿರು ನಮ್ಮೆದುರು ಕಣ್ಣೀರಿಟ್ಟಿದ್ದಾರೆ. ಓದು ಹೆಚ್ಚಾಗಿ ಯಾರೂ ಕೆಡುವುದಿಲ್ಲ, ತಾಯಂದಿರೇ. ಅವನ ವಿಜ್ಞಾನ ಎಂ.ಎಸ್ಸಿ.ಯವರೆಗೆ ಬೆಳೆಯಿತು, ಅವನ ಧರ್ಮಜ್ಞಾನ ಏಳನೆಯ ತರಗತಿಯಲ್ಲಿಯೇ ನಿಂತುಹೋಯಿತು. ಕೇಡು ಅಲ್ಲಿದೆ.

ಜೀವದ ಉಗಮವನ್ನು ಕುರಿತು ಇಂದು ಕೇಳಿಬರುವ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು. ಒಂದೊಂದನ್ನೂ ನ್ಯಾಯದೃಷ್ಟಿಯಿಂದ ಪರಿಶೀಲಿಸೋಣ.

ಮೊದಲನೆಯ ಗುಂಪಿನವರು ಆದಿಕಾಂಡದ ಆರು ದಿನಗಳನ್ನು ಇಪ್ಪತ್ತನಾಲ್ಕು ಗಂಟೆಗಳ ಆರು ದಿನಗಳೆಂದೇ ಗ್ರಹಿಸುವವರು. ಆಂಗ್ಲಿಕನ್ ಸಭೆಯ ಮಹಾಧರ್ಮಾಧ್ಯಕ್ಷ ಜೇಮ್ಸ್ ಅಷರ್ 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಕಳೆದು, ಲೋಕದ ಸೃಷ್ಟಿ ಕ್ರಿಸ್ತಪೂರ್ವ 4004ರಲ್ಲಿ ಆಯಿತೆಂದು ಲೆಕ್ಕ ಹಾಕಿದನು. ಈ ಲೆಕ್ಕವನ್ನು ಇಂದಿಗೂ ಹಿಡಿದಿರುವವರಿದ್ದಾರೆ. ದೇವರ ವಾಕ್ಯವನ್ನು ಗೌರವಿಸಬೇಕೆಂಬ ಅವರ ಹಂಬಲವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ನಾವು ಬೆಂಗಳೂರಿನ ಲಾಲ್‌ಬಾಗಿಗೆ ಹೋದಾಗ, ಕೆಂಪೇಗೌಡರ ಗೋಪುರವನ್ನು ಹೊತ್ತು ಮಲಗಿರುವ ಹೆಬ್ಬಂಡೆಯನ್ನು ಒಮ್ಮೆ ಮುಟ್ಟಿ ನೋಡೋಣ. 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಆ ಬಂಡೆಯೂ ದೇವರ ಕೈಬರಹವೇ. ದೇವರು ಒಂದು ಪುಸ್ತಕದಲ್ಲಿ ಒಂದನ್ನು ಬರೆದು, ಬಂಡೆಯಲ್ಲಿ ಅದಕ್ಕೆ ವಿರುದ್ಧವಾದುದನ್ನು ಬರೆದು ನಮ್ಮನ್ನು ಮೋಸಗೊಳಿಸುವವನಲ್ಲ.

ಆದಿಕಾಂಡವನ್ನೇ ಗಮನವಿಟ್ಟು ಓದಿರಿ. ಮೊದಲನೆಯ ದಿನ ಬೆಳಕು ಉಂಟಾಗುತ್ತದೆ. ಸೂರ್ಯನು ಕಾಣಿಸಿಕೊಳ್ಳುವುದು ನಾಲ್ಕನೆಯ ದಿನ. ಮೊದಲನೆಯ ಅಧ್ಯಾಯದಲ್ಲಿ ಗಿಡಮರಗಳೂ ಪ್ರಾಣಿಗಳೂ ಹುಟ್ಟಿದ ಮೇಲೆ ಮನುಷ್ಯನು ಬರುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಮನುಷ್ಯನು ಮೊದಲು, ತೋಟವೂ ಪ್ರಾಣಿಗಳೂ ಅನಂತರ. ಈ ಎರಡು ವೃತ್ತಾಂತಗಳನ್ನು ಪಕ್ಕಪಕ್ಕದಲ್ಲಿ ಇರಿಸಿದ ಪವಿತ್ರ ಲೇಖಕರು ಕುರುಡರೇನಲ್ಲ. ಗಡಿಯಾರ ಹಿಡಿದು ವರದಿ ಬರೆಯುವುದು ಅವರ ಉದ್ದೇಶವಾಗಿರಲಿಲ್ಲ. ಇರುವುದೆಲ್ಲ ಒಬ್ಬನೇ ದೇವರಿಂದ ಬಂದಿತು, ಅದು ಒಳ್ಳೆಯದು, ಮನುಷ್ಯನು ಆತನ ಪ್ರತಿರೂಪ: ಇದೇ ಅವರ ಬೋಧನೆ. ಸಂತ ಅಗಸ್ಟೀನರು ಐದನೆಯ ಶತಮಾನದ ಆದಿಭಾಗದಲ್ಲಿಯೇ ಆದಿಕಾಂಡಕ್ಕೆ ವಿಸ್ತಾರವಾದ ವ್ಯಾಖ್ಯಾನ ಬರೆದು, ಆ ದಿನಗಳು ನಮ್ಮ ದಿನಗಳಂಥವಲ್ಲ ಎಂದು ತೋರಿಸಿದರು. ದೇವರು ಆದಿಯಲ್ಲಿ ಸೃಷ್ಟಿಯೊಳಗೆ ಬೀಜರೂಪದ ಶಕ್ತಿಗಳನ್ನು ಇರಿಸಿದನು, ಅವು ತಕ್ಕ ಕಾಲದಲ್ಲಿ ಮೊಳೆತು ಬೆಳೆದವು ಎಂಬುದು ಅವರ ಅಭಿಪ್ರಾಯ. ಅವರ ಎಚ್ಚರಿಕೆಯೊಂದನ್ನು ನಾವು ಮರೆಯಬಾರದು. ಆಕಾಶ, ಭೂಮಿ, ಪ್ರಾಣಿಗಳನ್ನು ಕುರಿತು ಅವಿಶ್ವಾಸಿಗಳೂ ಬಲ್ಲ ಸಂಗತಿಗಳಲ್ಲಿ ಕ್ರೈಸ್ತನು ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧವಾಗಿ ಮಾತನಾಡಿದರೆ, ಪುನರುತ್ಥಾನವನ್ನು ಕುರಿತು ಅದೇ ಶಾಸ್ತ್ರ ಹೇಳುವುದನ್ನು ಅವರು ಹೇಗೆ ನಂಬಿಯಾರು? ಈ ಮಾತನ್ನು ಮರೆತದ್ದರ ಫಲವನ್ನು ಧರ್ಮಸಭೆ 1633ರಲ್ಲಿ ಗೆಲಿಲಿಯೋನ ವಿಚಾರಣೆಯಲ್ಲಿ ಉಂಡಿತು. ಅಂದಿನ ತಪ್ಪನ್ನು 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಬಹಿರಂಗವಾಗಿ ಅಂಗೀಕರಿಸಿದರು.

ಎರಡನೆಯ ಗುಂಪಿನವರು ಇದಕ್ಕೆ ತದ್ವಿರುದ್ಧ. ವಿಜ್ಞಾನ ಎಲ್ಲವನ್ನೂ ವಿವರಿಸಿತು, ಇನ್ನು ದೇವರಿಗೆ ಕೆಲಸವಿಲ್ಲ ಎನ್ನುವವರು. ಇವರ ವಾದದ ಬೇರು ಎಲ್ಲಿದೆ? 1802ರಲ್ಲಿ ವಿಲಿಯಂ ಪೇಲಿ ಎಂಬ ಆಂಗ್ಲಿಕನ್ ಪಾದ್ರಿ ಒಂದು ಗ್ರಂಥ ಬರೆದನು. ಬಯಲಿನಲ್ಲಿ ಬಿದ್ದ ಗಡಿಯಾರವನ್ನು ಕಂಡವನು ಅದಕ್ಕೊಬ್ಬ ಕಮ್ಮಾರನೋ ಕುಶಲಿಯೋ ಇದ್ದಾನೆಂದು ತಿಳಿಯುವಂತೆ, ಕಣ್ಣಿನ ರಚನೆಯನ್ನು ಕಂಡವನು ಅದಕ್ಕೊಬ್ಬ ರಚನಾಕಾರನಿದ್ದಾನೆಂದು ತಿಳಿಯಬೇಕು ಎಂಬುದು ಅವನ ತರ್ಕ. ಚಾರ್ಲ್ಸ್ ಡಾರ್ವಿನ್ ಕೇಂಬ್ರಿಡ್ಜಿನಲ್ಲಿ ಓದುವಾಗ ಪೇಲಿಯ ಬರಹಗಳನ್ನು ಮೆಚ್ಚಿದವನು. ಅವನೇ 1859ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಂಥ ರಚನೆಗಳು ಪ್ರಕೃತಿಯ ಆಯ್ಕೆಯಿಂದ ಮೆಲ್ಲಮೆಲ್ಲನೆ ರೂಪುಗೊಳ್ಳಬಲ್ಲವೆಂದು ತೋರಿಸಿದನು. 1986ರಲ್ಲಿ ರಿಚರ್ಡ್ ಡಾಕಿನ್ಸ್ ಎಂಬ ವಿಜ್ಞಾನಿ ಪೇಲಿಯ ಉಪಮೆಯನ್ನೇ ತಿರುಗಿಸಿ, ಆ ಗಡಿಯಾರ ಕಟ್ಟಿದವನು ಕುರುಡ ಎಂಬರ್ಥದ ಹೆಸರಿನ ಪುಸ್ತಕ ಬರೆದನು. ಗಮನಿಸಿರಿ: ಪೇಲಿಯ ದೇವರು ಒಬ್ಬ ಕುಶಲಕರ್ಮಿಯಾಗಿದ್ದನು. ಆ ಕೆಲಸವನ್ನು ಪ್ರಕೃತಿಯೇ ಮಾಡಬಲ್ಲದೆಂದು ತಿಳಿದ ದಿನ ಆ ಕುಶಲಕರ್ಮಿಯು ಕೆಲಸ ಕಳೆದುಕೊಂಡನು. ಅಬ್ರಹಾಮನ ದೇವರು ಕೆಲಸ ಕಳೆದುಕೊಂಡನೇ? ಸಂತ ಜಾನ್ ಹೆನ್ರಿ ನ್ಯೂಮನ್ನರು ಡಾರ್ವಿನ್ನನ ಸಮಕಾಲೀನರು. 2019ರಲ್ಲಿ ಸಂತರೆಂದು ಘೋಷಿತರಾದವರು. ತಾವು ಸೃಷ್ಟಿಯಲ್ಲಿ ವಿನ್ಯಾಸವನ್ನು ಕಂಡು ದೇವರನ್ನು ನಂಬಿದವರಲ್ಲ, ದೇವರನ್ನು ನಂಬಿದ್ದರಿಂದ ವಿನ್ಯಾಸವನ್ನು ಕಾಣುವವರು ಎಂಬ ಅಭಿಪ್ರಾಯವನ್ನು ಅವರು 1870ರಲ್ಲಿಯೇ ಒಂದು ಪತ್ರದಲ್ಲಿ ತಿಳಿಸಿದ್ದರು. ವಿಕಾಸವಾದದಿಂದ ಅವರು ವಿಚಲಿತರಾಗಲಿಲ್ಲ.

ಮೂರನೆಯ ಗುಂಪಿನವರು ಇವೆರಡರ ನಡುವೆ ನಿಲ್ಲಲು ಯತ್ನಿಸುವವರು. ಭೂಮಿ ಹಳೆಯದೆಂದೂ ವಿಕಾಸ ಬಹುಮಟ್ಟಿಗೆ ನಿಜವೆಂದೂ ಇವರಲ್ಲಿ ಹಲವರು ಒಪ್ಪುತ್ತಾರೆ. ಆದರೆ ಜೀವಕೋಶದ ಕೆಲವು ಯಂತ್ರಗಳು ಎಷ್ಟು ಜಟಿಲವೆಂದರೆ, ಒಂದು ಭಾಗ ತೆಗೆದರೂ ಅವು ಕೆಡುತ್ತವೆ. ಆದುದರಿಂದ ಅವು ಮೆಲ್ಲಮೆಲ್ಲನೆ ಆಗಿರಲಾರವು, ಬುದ್ಧಿಯುಳ್ಳವನೊಬ್ಬನು ಅವನ್ನು ವಿನ್ಯಾಸಗೊಳಿಸಿರಬೇಕು ಎನ್ನುತ್ತಾರೆ. ಈ ವಾದ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಎಂಬ ಊರಿನ ಶಾಲಾ ಮಂಡಳಿಯು 2004ರಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಡಾರ್ವಿನ್ನನ ಸಿದ್ಧಾಂತದಲ್ಲಿ ಕೊರತೆಗಳಿವೆಯೆಂದೂ ವಿನ್ಯಾಸವಾದವೆಂಬ ಬೇರೆ ವಿವರಣೆಯೊಂದು ಇದೆಯೆಂದೂ ತಿಳಿಸುವ ಹೇಳಿಕೆಯನ್ನು ಓದಿಸಬೇಕೆಂದು ನಿರ್ಣಯಿಸಿತು. ಹನ್ನೊಂದು ಮಂದಿ ಪೋಷಕರು ದಾವೆ ಹೂಡಿದರು. ಮಂಡಳಿಯ ಪರವಾಗಿ ಸಾಕ್ಷಿ ನುಡಿದ ಪ್ರಮುಖ ವಿಜ್ಞಾನಿ ಮೈಕೆಲ್ ಬೀಹಿ ಕಥೋಲಿಕರು. ಪೋಷಕರ ಪರವಾಗಿ ಸಾಕ್ಷಿ ನುಡಿದ ಪ್ರಮುಖ ವಿಜ್ಞಾನಿ ಕೆನೆತ್ ಮಿಲ್ಲರ್ ಅವರೂ ಕಥೋಲಿಕರೇ. ಅದೇ ಪಕ್ಷಕ್ಕೆ ಸಾಕ್ಷಿಯಾದ ದೇವಶಾಸ್ತ್ರಜ್ಞ ಜಾನ್ ಹಾಟ್ ಅವರೂ ಕಥೋಲಿಕರು. ಬೀಹಿಯವರು ಇಲಿಬೋನಿನ ಉದಾಹರಣೆ ಕೊಡುತ್ತಿದ್ದರು: ಒಂದು ಭಾಗ ತೆಗೆದರೆ ಅದು ಇಲಿ ಹಿಡಿಯದು. ಮಿಲ್ಲರ್ ಅವರು ಕೆಲವು ಭಾಗಗಳನ್ನು ಕಳಚಿದ ಇಲಿಬೋನನ್ನು ಟೈ ಕ್ಲಿಪ್ಪಾಗಿ ಧರಿಸಿ, ಇಲಿ ಹಿಡಿಯದಿದ್ದರೂ ಇದು ಬೇರೊಂದು ಕೆಲಸಕ್ಕೆ ಬರುತ್ತದೆ ಎಂದು ತೋರಿಸುತ್ತಿದ್ದರು. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಬುಡದಲ್ಲಿರುವ ಭಾಗಗಳನ್ನು ಹೋಲುವ ರಚನೆಯೇ, ಬೇರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ವಿಷವನ್ನು ಚುಚ್ಚುವ ಸೂಜಿಯಾಗಿ ಕೆಲಸ ಮಾಡುತ್ತದೆ. 2005ರ ಡಿಸೆಂಬರ್ 20ರಂದು ನ್ಯಾಯಾಧೀಶರು ವಿನ್ಯಾಸವಾದವು ವಿಜ್ಞಾನವಲ್ಲ, ಅದನ್ನು ಸರ್ಕಾರಿ ಶಾಲೆಯಲ್ಲಿ ವಿಜ್ಞಾನವೆಂದು ಸೇರಿಸಲಾಗದು ಎಂದು ತೀರ್ಪಿತ್ತರು.

ಅದೇ ವರ್ಷ ವಿಯೆನ್ನಾದ ಕಾರ್ಡಿನಲ್ ಷೋನ್‌ಬೋರ್ನ್ ಅವರು ಪತ್ರಿಕೆಯೊಂದರಲ್ಲಿ, ದೈವಯೋಜನೆಗೆ ಎಡೆಯನ್ನೇ ಕೊಡದ ವಿಕಾಸವಾದವನ್ನು ಖಂಡಿಸಿ ಬರೆದರು. ವ್ಯಾಟಿಕನ್ ಖಗೋಳ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಯೇಸುಸಭೆಯ ಗುರು ಜಾರ್ಜ್ ಕೋಯ್ನ್ ಅವರು ಬೇರೊಂದು ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಕೊಟ್ಟರು. ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ಇಬ್ಬರು ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಬಹುದು. ಇದನ್ನು ಕೇಳಿ ನೀವು ಗಾಬರಿಗೊಳ್ಳಬೇಕಾಗಿಲ್ಲ. ಇದಕ್ಕಿಂತ ಹಳೆಯದಾದ ಇಂಥದೇ ವಿವಾದವೊಂದು ನಮಗೆ ದಾರಿ ತೋರಿಸುತ್ತದೆ.

ಕೊಳೆತ ವಸ್ತುವಿನಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆಂದು ಪುರಾತನರು ನಂಬಿದ್ದರು. ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರೂ ಕೆಳಮಟ್ಟದ ಪ್ರಾಣಿಗಳು ಹಾಗೆ ಹುಟ್ಟಬಲ್ಲವೆಂದು ಒಪ್ಪಿದ್ದರು. ನಿರ್ಜೀವದಿಂದ ಜೀವ ಹುಟ್ಟಿದರೆ ದೇವರಿಗೆ ಅಪಾಯ ಎಂಬ ಯೋಚನೆ ಆ ಮಹಾಮತಿಗೆ ಬರಲೇ ಇಲ್ಲ. ಏಕೆಂದರೆ ನಿರ್ಜೀವ ವಸ್ತುವೂ ದೇವರದೇ, ಅದರ ಶಕ್ತಿಯೂ ದೇವರು ಕೊಟ್ಟದ್ದೇ. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೇದಿ ಎಂಬಾತನು ಮಾಂಸದ ಪಾತ್ರೆಗೆ ಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಹುಳು ಹುಟ್ಟುವುದಿಲ್ಲವೆಂದು ತೋರಿಸಿದನು. ಸೂಕ್ಷ್ಮಜೀವಿಗಳ ಮಾತೇನು? ಇಂಗ್ಲೆಂಡಿನ ಕಥೋಲಿಕ ಗುರು ಜಾನ್ ನೀಡಮ್ ಮಾಂಸದ ಸಾರನ್ನು ಕಾಯಿಸಿ ಬಿರಡೆ ಹಾಕಿ ಇಟ್ಟು, ಕೆಲವು ದಿನಗಳ ಬಳಿಕ ಅದರಲ್ಲಿ ಸೂಕ್ಷ್ಮಜೀವಿಗಳನ್ನು ಕಂಡು, ಅವು ತಾವಾಗಿಯೇ ಹುಟ್ಟಿದವೆಂದು 1748ರಲ್ಲಿ ಸಾರಿದರು. ಇಟಲಿಯ ಕಥೋಲಿಕ ಗುರು ಲಾಜರೊ ಸ್ಪಲ್ಲಂಜಾನಿ ಅದನ್ನು ಒಪ್ಪಲಿಲ್ಲ. ಅವರು ಗಾಜಿನ ಬುರುಡೆಯ ಕತ್ತನ್ನೇ ಕರಗಿಸಿ ಮುಚ್ಚಿ, ಬಹಳ ಹೊತ್ತು ಕುದಿಸಿದಾಗ ಏನೂ ಹುಟ್ಟಲಿಲ್ಲವೆಂದು 1765ರಲ್ಲಿ ಪ್ರಕಟಿಸಿದರು. ಅತಿಯಾಗಿ ಕುದಿಸಿ ಜೀವಶಕ್ತಿಯನ್ನೇ ಕೊಂದಿರಿ ಎಂದು ನೀಡಮ್ ಮರುನುಡಿದರು. ವಿನೋದವೇನೆಂದರೆ, ಧರ್ಮಸಭೆಯ ಕಟುಟೀಕಾಕಾರನಾಗಿದ್ದ ವೋಲ್ಟೇರನು ನೀಡಮ್ಮರ ಮತದಿಂದ ನಾಸ್ತಿಕತೆ ಹಬ್ಬುವುದೆಂದು ಹೇಳಿ ಆ ಗುರುವನ್ನು ಹಳಿದನು! ಇಬ್ಬರು ಗುರುಗಳೂ ತಮ್ಮ ತಮ್ಮ ಪ್ರಯೋಗಗಳನ್ನು ಮುಂದುವರಿಸಿದರು. ಕೊನೆಗೆ 1860ರ ದಶಕದ ಆರಂಭದಲ್ಲಿ ಲೂಯಿ ಪಾಶ್ಚರ್ ಹಂಸದ ಕೊರಳಿನಂತೆ ಬಾಗಿದ ಬುರುಡೆಗಳಿಂದ ಈ ವಿವಾದಕ್ಕೆ ತೆರೆ ಎಳೆದರು. ಗೆದ್ದವರು ಸ್ಪಲ್ಲಂಜಾನಿ.

ಆಮೇಲೆ ಒಂದು ವಿಚಿತ್ರ ನಡೆಯಿತು. ಜೀವದಿಂದಲೇ ಜೀವ, ಆದುದರಿಂದ ಮೊದಲ ಜೀವವನ್ನು ದೇವರು ನೇರವಾಗಿ ಕೈಯಾರೆ ಇಟ್ಟಿರಬೇಕು ಎಂಬುದನ್ನು ಕೆಲವು ಭಕ್ತರು ವಿಶ್ವಾಸದ ಕೋಟೆಯನ್ನಾಗಿ ಮಾಡಿಕೊಂಡರು. ಅಕ್ವಿನಾಸರಿಗೆ ಬೇಕಾಗಿಲ್ಲದಿದ್ದ ಕೋಟೆ ಇವರಿಗೆ ಬೇಕಾಯಿತು. ಅದನ್ನು ಮುತ್ತುವವರೂ ಬಂದರು. ಆದಿಮ ಸಮುದ್ರದ ರಾಸಾಯನಿಕಗಳಿಂದ ಜೀವ ಮೂಡಿತೆಂದು ರಷ್ಯದ ಒಪಾರಿನ್ 1924ರಲ್ಲಿಯೂ, ಇಂಗ್ಲೆಂಡಿನ ಹಾಲ್ಡೇನ್ 1929ರಲ್ಲಿಯೂ ಸೂಚಿಸಿದರು. ಹಾಲ್ಡೇನ್ ಮುಂದೆ ನಮ್ಮ ದೇಶಕ್ಕೆ ಬಂದು, ಭಾರತೀಯ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. 1953ರಲ್ಲಿ ಶಿಕಾಗೋದ ಸ್ಟ್ಯಾನ್ಲಿ ಮಿಲ್ಲರ್ ಎಂಬ ತರುಣನು ಮೀಥೇನ್, ಅಮೋನಿಯ, ಜಲಜನಕ, ನೀರಾವಿಗಳ ನಡುವೆ ವಿದ್ಯುತ್ ಕಿಡಿ ಹಾಯಿಸಿ, ವಾರದೊಳಗೆ ಅಮೈನೋ ಆಮ್ಲಗಳನ್ನು ಪಡೆದನು. 2010ರಲ್ಲಿ ಕ್ರೇಗ್ ವೆಂಟರ್ ಅವರ ತಂಡ ಬ್ಯಾಕ್ಟೀರಿಯಾ ಒಂದರ ಸಮಗ್ರ ಡಿಎನ್‌ಎಯನ್ನು ಪ್ರಯೋಗಾಲಯದಲ್ಲಿ ಹೆಣೆದು, ಬೇರೊಂದು ಜೀವಕೋಶದೊಳಗೆ ಇರಿಸಿ ನಡೆಯಿಸಿತು. ಆದರೆ ಅದಕ್ಕೂ ಮೊದಲೇ ಇದ್ದ ಜೀವಕೋಶ ಬೇಕಾಯಿತು. ಇಟ್ಟಿಗೆ ಸಿಕ್ಕಿದೆ, ಮನೆ ಇನ್ನೂ ಆಗಿಲ್ಲ. ರಾಸಾಯನಿಕಗಳು ಹೇಗೆ ತಮ್ಮನ್ನೇ ನಕಲು ಮಾಡುವ ಜೀವವಾದವೆಂಬುದು ವಿಜ್ಞಾನಕ್ಕೆ ಇಂದಿಗೂ ಬಿಡಿಸದ ಒಗಟಾಗಿದೆ.

ಈಗ ನಮ್ಮ ಯುವಜನರನ್ನು ಕೇಳುತ್ತೇವೆ: ಈ ಒಗಟು ನಾಳೆ ಬಿಡಿಸಲ್ಪಟ್ಟರೆ ನೀವು ಪೂಜೆಗೆ ಬರುವುದನ್ನು ಬಿಡಬೇಕೇ? ಬಿಡಬೇಕೆಂದು ನಿಮಗೆ ತೋರಿದರೆ, ನೀವು ಇದುವರೆಗೆ ನಂಬಿದ್ದು ಸೃಷ್ಟಿಕರ್ತನನ್ನಲ್ಲ. ವಿಜ್ಞಾನದ ಗೋಡೆಯ ಬಿರುಕನ್ನು ಮುಚ್ಚುವ ಗಾರೆಯನ್ನು. ಬಿರುಕು ಕೂಡಿದಂತೆಲ್ಲ ಅಂಥ ದೇವರು ಕುಗ್ಗುತ್ತ ಹೋಗುತ್ತಾನೆ. ನಾವು ಆರಾಧಿಸುವ ದೇವರು ಬಿರುಕಿನಲ್ಲಿ ವಾಸಿಸುವವನಲ್ಲ. ಗೋಡೆಯನ್ನೂ ಬಿರುಕನ್ನೂ ಅದನ್ನು ನೋಡುವ ಕಣ್ಣನ್ನೂ ಅಸ್ತಿತ್ವದಲ್ಲಿ ಹಿಡಿದಿರುವವನು.

ಗುರುಮಠದಲ್ಲಿ ನಾವು ಅಕ್ವಿನಾಸರಿಂದ ಕಲಿತ ತತ್ತ್ವವಿದು: ದೇವರು ಆದಿಕಾರಣ, ಪ್ರಕೃತಿಯ ಶಕ್ತಿಗಳು ದ್ವಿತೀಯ ಕಾರಣಗಳು. ಒಂದು ಗಾಡಿಯನ್ನು ಇಬ್ಬರು ತಳ್ಳುವಾಗ ಒಬ್ಬನು ಹೆಚ್ಚು ತಳ್ಳಿದರೆ ಇನ್ನೊಬ್ಬನಿಗೆ ಕೆಲಸ ಕಡಿಮೆ. ದೇವರಿಗೂ ಪ್ರಕೃತಿಗೂ ಅಂಥ ಪಾಲುಗಾರಿಕೆ ಇಲ್ಲ. ಕೃತ್ಯ ಪೂರ್ಣವಾಗಿ ಪ್ರಕೃತಿಯದು, ಪೂರ್ಣವಾಗಿ ದೇವರದು. ಇದು ಕಠಿಣವೆಂದು ತೋರಿದರೆ ಬಲಿಪೀಠವನ್ನು ನೋಡಿರಿ. ಕಾಣಿಕೆಯ ರೊಟ್ಟಿಯನ್ನು ಎತ್ತಿ ಹಿಡಿದು ನಾವು ಅದನ್ನು ದೇವರ ಕೊಡುಗೆಯೆನ್ನುತ್ತೇವೆ; ಅದೇ ಉಸಿರಿನಲ್ಲಿ ಅದನ್ನು ನೆಲದ ಫಲವೆಂದೂ ಮನುಷ್ಯರ ದುಡಿಮೆಯೆಂದೂ ಕರೆಯುತ್ತೇವೆ. ಉತ್ತವನು ರೈತ, ಬೀಸಿದವನು ಗಿರಣಿಯವನು, ಸುಟ್ಟವರು ಕನ್ಯಾಸ್ತ್ರೀಯರು ಎಂದು ತಿಳಿದ ಮಾತ್ರಕ್ಕೆ ಅದು ದೇವರದಲ್ಲವೆಂದು ಯಾರಾದರೂ ಹೇಳಿದ್ದುಂಟೇ? ಮಗು ಹುಟ್ಟಿದ ಮನೆಯಲ್ಲಿ ‘ದೇವರು ಕೊಟ್ಟ ಕೂಸು’ ಎನ್ನುತ್ತೇವೆ. ಒಂಬತ್ತು ತಿಂಗಳು ಗರ್ಭದಲ್ಲಿ ಅದು ಬೆಳೆದ ಬಗೆಯನ್ನು ವೈದ್ಯರು ವಾರವಾರಕ್ಕೂ ಬಲ್ಲರು. ಆ ಜ್ಞಾನದಿಂದ ತಾಯಿಯ ಕೃತಜ್ಞತೆ ಒಂದಿಷ್ಟೂ ತಗ್ಗುವುದಿಲ್ಲ. ಒಂದು ಮಗುವಿನ ವಿಷಯದಲ್ಲಿ ನಿಜವಾದದ್ದು ಸಮಸ್ತ ಜೀವಕೋಟಿಯ ವಿಷಯದಲ್ಲಿ ಏಕೆ ಸುಳ್ಳಾಗಬೇಕು? ಆದಿಕಾಂಡದಲ್ಲಿ ದೇವರು ನೆಲಕ್ಕೂ ನೀರಿಗೂ ಜೀವಿಗಳನ್ನು ಹುಟ್ಟಿಸುವಂತೆ ಆಜ್ಞಾಪಿಸುತ್ತಾನೆ. ಬಿತ್ತಿದವನು ಮಲಗಿ ಏಳುವಷ್ಟರಲ್ಲಿ ಬೀಜ ಅವನಿಗೆ ತಿಳಿಯದ ರೀತಿಯಲ್ಲಿ ಬೆಳೆಯುತ್ತದೆ, ಭೂಮಿ ತಾನಾಗಿಯೇ ಫಲ ಕೊಡುತ್ತದೆ ಎಂಬ ಸಾಮತಿಯನ್ನು ಪ್ರಭು ಯೇಸುವೇ ಹೇಳಿದ್ದಾರೆ.

ಹೀಗೆ ಯೋಚಿಸಿದವರಿಗೆ ವಿಜ್ಞಾನ ಹೆದರಿಕೆ ಹುಟ್ಟಿಸಲಿಲ್ಲ. ಅಗಸ್ಟೀನರ ಸಭೆಗೆ ಸೇರಿದ ಗ್ರೆಗರ್ ಮೆಂಡೆಲ್ ಬರ್ನೋ ನಗರದ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ, ಡಾರ್ವಿನ್ನನಿಗೆ ತಿಳಿಯದಿದ್ದ ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದರು. ನಮ್ಮ ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದ ಯೇಸುಸಭೆಯ ಗುರು ಸಿಸಿಲ್ ಸಲ್ಡಾನಾ ಅವರು ಕಾಡುಮೇಡು ಅಲೆದು, ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತ ಗ್ರಂಥವನ್ನು 1976ರಲ್ಲಿ ಸಹಲೇಖಕರೊಡನೆ ಹೊರತಂದರು. ಬೆಲ್ಜಿಯಂ ದೇಶದ ಗುರು ಜಾರ್ಜ್ ಲಮೇತ್ರ್ ವಿಶ್ವವು ಒಂದು ಆದಿಮ ಕಣದಿಂದ ಹಿಗ್ಗಿತೆಂದು 1931ರಲ್ಲಿ ಪ್ರತಿಪಾದಿಸಿದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಇಂಥ ಸಿದ್ಧಾಂತದಲ್ಲಿ ಸೃಷ್ಟಿಯ ಮೊದಲ ಬೆಳಕಿನ ಸಾಕ್ಷ್ಯವಿದೆಯೆಂಬಂತೆ ಹರ್ಷದಿಂದ ಮಾತನಾಡಿದಾಗ ಎಲ್ಲರಿಗಿಂತ ಹೆಚ್ಚು ಕಳವಳಗೊಂಡವರು ಲಮೇತ್ರ್ ಅವರೇ! ನಾಳೆ ತಿದ್ದುಪಡಿಯಾಗಬಹುದಾದ ಸಿದ್ಧಾಂತದ ಮೇಲೆ ವಿಶ್ವಾಸವನ್ನು ಒರಗಿಸಬಾರದೆಂಬುದು ಅವರ ನಿಲುವು. ಮರುವರ್ಷ ಖಗೋಳವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದಾಗ ಪೋಪರು ಆ ಹೋಲಿಕೆಯನ್ನು ಎತ್ತಲಿಲ್ಲ.

ಹಾಗಾದರೆ ಧರ್ಮಸಭೆ ಏನು ಬೋಧಿಸುತ್ತದೆ? ಮಾನವದೇಹವು ಮೊದಲೇ ಇದ್ದ ಜೀವಿಗಳಿಂದ ವಿಕಾಸವಾಯಿತೇ ಎಂಬುದನ್ನು ವಿದ್ವಾಂಸರು ವಿಚಾರಿಸಲು ಅಡ್ಡಿಯಿಲ್ಲವೆಂದು ಅದೇ ಹನ್ನೆರಡನೆಯ ಪಯಸ್ ಅವರು 1950ರ ವಿಶ್ವಪತ್ರದಲ್ಲಿ ತಿಳಿಸಿದರು. ಆದರೆ ಪ್ರತಿಯೊಂದು ಆತ್ಮವನ್ನು ದೇವರು ನೇರವಾಗಿ ಸೃಷ್ಟಿಸುತ್ತಾನೆಂಬುದನ್ನು ಒತ್ತಿ ಹೇಳಿದರು. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು, ವಿಕಾಸವಾದ ಇನ್ನು ಕೇವಲ ಊಹೆಯಲ್ಲವೆಂದು ವಿಜ್ಞಾನಿಗಳ ಸಭೆಗೆ ಬರೆದರು. ಆತ್ಮದ ವಿಷಯದಲ್ಲಿ ಹಿಂದಿನ ಬೋಧನೆಯನ್ನೇ ದೃಢಪಡಿಸಿದರು. ಈ ಎರಡನೆಯ ಮಾತಿನಲ್ಲಿ ನಾವು ಒಂದು ಹೆಜ್ಜೆಯನ್ನೂ ಹಿಂದಿಡಲಾರೆವು. ಮನುಷ್ಯನು ಕೇವಲ ಬಲಿಷ್ಠರ ಪೈಪೋಟಿಯಲ್ಲಿ ಉಳಿದ ಪ್ರಾಣಿಯಾದರೆ, ಹಾಸಿಗೆ ಹಿಡಿದ ಅಜ್ಜಿಗೂ ಬುದ್ಧಿ ಬೆಳೆಯದ ಮಗುವಿಗೂ ಬೆಲೆ ಎಲ್ಲಿಂದ? ದುರ್ಬಲರಿಗೆ ಸಂತಾನವೇ ಬೇಡವೆಂದು ಕೆಲವು ದೇಶಗಳು ಕಾನೂನು ಮಾಡಿದ ಕಾಲದಲ್ಲಿ, 1930ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅವರು ಅದನ್ನು ಖಂಡಿಸಿದರು. ಅಳೆಯಲು ಬಾರದ ಈ ಬೆಲೆಯನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸಲಾರದು, ಅಲ್ಲಗಳೆಯಲೂ ಆರದು.

ಕೊನೆಯದಾಗಿ ಮೂರು ಬಿನ್ನಹಗಳು. ತಂದೆತಾಯಿಯರೇ, ಮಕ್ಕಳು ಕೇಳಿದಾಗ ಗದರಿಸಬೇಡಿರಿ. ಉತ್ತರ ತಿಳಿಯದಿದ್ದರೆ ಗುರುಗಳ ಬಳಿಗೆ ಕರೆತನ್ನಿರಿ. ದೇವಾಲಯದ ಬಾಗಿಲಿನಂತೆ ನಮ್ಮ ಮನೆಯ ಬಾಗಿಲೂ ತೆರೆದಿದೆ. ಧರ್ಮೋಪದೇಶಕರೇ, ಸೃಷ್ಟಿಯ ಪಾಠ ಮಾಡುವಾಗ ವಿಜ್ಞಾನದ ಶಿಕ್ಷಕರನ್ನು ಸುಳ್ಳುಗಾರರನ್ನಾಗಿ ಮಾಡಬೇಡಿರಿ. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಮಂಡಳಿಯು ಹೊರೆ ತಗ್ಗಿಸುವ ಕಾರಣ ಹೇಳಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟಿತು; ಹಾಗೆ ಬಿಟ್ಟುಹೋದದ್ದನ್ನು ಸರಿಯಾಗಿ ತಿಳಿಸುವ ಹೊಣೆ ನಮ್ಮದೂ ಆಗಿದೆ. ಯುವಜನರೇ, ನೀವು ವಿಜ್ಞಾನವನ್ನು ಪೂರ್ಣವಾಗಿ ಓದಿರಿ, ಅರ್ಧದಲ್ಲಿ ನಿಲ್ಲಿಸಬೇಡಿರಿ. ಅದರೊಡನೆ ನಿಮ್ಮ ವಿಶ್ವಾಸವನ್ನೂ ಅಷ್ಟೇ ಶ್ರಮದಿಂದ ಓದಿರಿ.

ಈ ದೇವಾಲಯದ ತಳಪಾಯಕ್ಕೆ ಕಲ್ಲು ಹೊತ್ತ ನಮ್ಮ ಹಿರಿಯರಿಗೆ ಆ ಕಲ್ಲಿನ ವಯಸ್ಸು ತಿಳಿದಿರಲಿಲ್ಲ. ನಮಗೆ ತಿಳಿದಿದೆ. ಆದುದರಿಂದ ಅವರಿಗಿಂತ ಹೆಚ್ಚು ಬೆರಗಿನಿಂದ ಸೃಷ್ಟಿಕರ್ತನನ್ನು ಸ್ತುತಿಸುವ ಭಾಗ್ಯವೂ ನಮ್ಮದು. ಮುಂದಿನ ನೂರು ವರ್ಷಗಳಲ್ಲಿ ಇಲ್ಲಿ ಎದ್ದು ನಿಂತು ವಿಶ್ವಾಸವನ್ನು ಘೋಷಿಸುವ ನಮ್ಮ ಮಕ್ಕಳು ಬುದ್ಧಿಯನ್ನು ಹೊರಗೆ ಬಿಟ್ಟು ಒಳಗೆ ಬರದಿರಲಿ. ವಿಶ್ವಾಸವನ್ನು ಒಳಗೆ ಬಿಟ್ಟು ಹೊರಗೆ ಹೋಗದಿರಲಿ. ಸಕಲ ಜೀವಕ್ಕೂ ಉಸಿರನ್ನಿತ್ತ ದೇವರು ನಿಮ್ಮೆಲ್ಲರನ್ನೂ ಹರಸಲಿ. ಆಮೆನ್.